ಬ್ಯಾಂಕ್ ಇ-ಹರಾಜಿನಲ್ಲಿ ಮೀಸಲು ಬೆಲೆಯನ್ನು ಓದುವ ಬಗೆ

ಸಾಲ ತೀರದೆ ಬ್ಯಾಂಕಿನ ವಶವಾದ ಹುಬ್ಬಳ್ಳಿ-ಧಾರವಾಡದ ಮನೆ, ಪ್ಲಾಟು, ಅಂಗಡಿಗಳು ಆನ್‌ಲೈನ್ ಹರಾಜಿಗೆ ಬಂದಾಗ, ಪ್ರಕಟಣೆಯಲ್ಲಿರುವ ಮೀಸಲು ಬೆಲೆಯನ್ನೇ ಆಸ್ತಿಯ ನಿಜವಾದ ಬೆಲೆಯೆಂದು ತಿಳಿಯುವವರು ಬಹಳ. ಅಡಮಾನದ ಆಸ್ತಿಯನ್ನು ಮಾರಿ ಸಾಲ ವಸೂಲು ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಡಿ ರೂಪಿಸಿದ 2002ರ ನಿಯಮಗಳಂತೆ, ಬ್ಯಾಂಕಿನ ಅಧಿಕೃತ ಅಧಿಕಾರಿಯು ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ವರದಿ ತರಿಸಿಕೊಂಡು ನಿಗದಿಪಡಿಸುವ ಈ ಮೊತ್ತವು, ಇದಕ್ಕಿಂತ ಕಡಿಮೆಗೆ ಮಾರಾಟವನ್ನು ಸ್ಥಿರಪಡಿಸಲಾಗದು ಎಂಬುದನ್ನಷ್ಟೇ ಹೇಳುತ್ತದೆ. ಬ್ಯಾಡಗಿ ಎಪಿಎಂಸಿಯ ಇ-ಟೆಂಡರಿನಲ್ಲಿ ಮೆಣಸಿನಕಾಯಿ ತಂದ ರೈತನು ಬಂದ ದರವನ್ನು ನೋಡಿದ ಮೇಲೆ ಬೇಡವೆನ್ನಬಹುದು; ಬ್ಯಾಂಕು ಆ ಮಾತನ್ನು ಮೊದಲೇ ಅಚ್ಚು ಹಾಕಿಸಿರುತ್ತದೆ. ಸಾಲಗಾರನೂ ಬ್ಯಾಂಕೂ ಒಪ್ಪಿದರೆ ಕಡಿಮೆ ಬೆಲೆಗೂ ಮಾರಲು ನಿಯಮದಲ್ಲಿ ಅವಕಾಶವಿದೆಯಾದರೂ ಅದನ್ನು ನಂಬಿ ಕಾಯುವುದು ಜಾಣತನವಲ್ಲ. ಯಾರೂ ಬಿಡ್ ಮಾಡದ ಆಸ್ತಿಯ ಮೀಸಲು ಬೆಲೆಯನ್ನು ಮುಂದಿನ ಹರಾಜಿನಲ್ಲಿ ಇಳಿಸುವುದುಂಟು. ಆದ್ದರಿಂದ ಅದೇ ಆಸ್ತಿಯ ಹಳೆಯ ಪ್ರಕಟಣೆಗಳನ್ನು ಹುಡುಕಿ ನೋಡಿರಿ.

ಮೊದಲ ಬಿಡ್ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಆಯಾ ಹರಾಜಿನ ಷರತ್ತುಗಳು ಹೇಳುತ್ತವೆ. ಮೀಸಲು ಬೆಲೆ 40 ಲಕ್ಷ, ಪ್ರತಿ ಬಿಡ್‌ನ ಏರಿಕೆಯ ಮೊತ್ತ 25,000 ಎಂದಿದ್ದರೆ, ಕೆಲವೆಡೆ 40 ಲಕ್ಷಕ್ಕೇ ಬಿಡ್ ಹಾಕಬಹುದು, ಕೆಲವೆಡೆ 40,25,000ದಿಂದ ತೊಡಗಬೇಕು. ಸಾಮಾನ್ಯವಾಗಿ ಮೀಸಲು ಬೆಲೆಯ ಶೇ 10ರಷ್ಟನ್ನು, ಅಂದರೆ ಇಲ್ಲಿ 4 ಲಕ್ಷವನ್ನು, ಇಎಂಡಿಯಾಗಿ (ಬಿಡ್ ಮಾಡಲು ಇಡುವ ಮುಂಗಡ ಠೇವಣಿ) ಮುಂಚೆಯೇ ಕಟ್ಟಿರಬೇಕು.

ಕಷ್ಟ ಶುರುವಾಗುವುದು ಗೆದ್ದ ಮೇಲೆ. 44 ಲಕ್ಷಕ್ಕೆ ಆಸ್ತಿ ನಿಮ್ಮದಾಯಿತೆನ್ನಿ: ಶೇ 25ರಂತೆ 11 ಲಕ್ಷ ಆಗಬೇಕಾದ್ದರಿಂದ, ಇಎಂಡಿ ಕಳೆದು ಉಳಿದ 7 ಲಕ್ಷವನ್ನು ಅದೇ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ತುಂಬಬೇಕು. ಬಾಕಿ 33 ಲಕ್ಷಕ್ಕೆ ಮಾರಾಟ ಸ್ಥಿರಗೊಂಡ ದಿನದಿಂದ 15 ದಿನಗಳ ಗಡುವಿರುತ್ತದೆ. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಮಾತ್ರ ಅದು ಹೆಚ್ಚೆಂದರೆ ಮೂರು ತಿಂಗಳವರೆಗೆ ವಿಸ್ತರಣೆಯಾಗುತ್ತದೆ. ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಗೃಹಸಾಲವನ್ನು ಗೆದ್ದ ನಂತರ ಕೇಳಿದರಾಯಿತು ಎನ್ನುವವರು ಬಿಡ್ ಮಾಡದಿರುವುದೇ ಲೇಸು.

ನಿಮ್ಮ ಗರಿಷ್ಠ ಮೊತ್ತವನ್ನು ಲಾಗಿನ್ ಆಗುವ ಮೊದಲೇ ಬರೆದಿಟ್ಟುಕೊಳ್ಳಿರಿ, ಏಕೆಂದರೆ ಕೊನೆಯ ನಿಮಿಷಗಳಲ್ಲಿ ಯಾರಾದರೂ ಬಿಡ್ ಏರಿಸಿದರೆ ಹರಾಜಿನ ಅವಧಿ ತಾನಾಗಿ ಮುಂದಕ್ಕೆ ಹೋಗುತ್ತದೆ, ಹಟವೂ ಜೊತೆಗೇ ಬೆಳೆಯುತ್ತದೆ. ಆ ಮೊತ್ತವನ್ನು ಲೆಕ್ಕ ಹಾಕುವಾಗ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಮಹಾನಗರ ಪಾಲಿಕೆಯ ತೆರಿಗೆ ಬಾಕಿ ಮತ್ತು ಹೆಸ್ಕಾಂ ಬಿಲ್ಲಿನ ಬಾಕಿಗಳನ್ನು ಅದರಿಂದ ಕಳೆಯಿರಿ. ಇಂಥ ಆಸ್ತಿಗಳನ್ನು ಇದ್ದಲ್ಲಿ ಇದ್ದಂತೆಯೇ ಮಾರಲಾಗುತ್ತದೆ. ಹಿಂದಿನವರ ವಿದ್ಯುತ್ ಬಾಕಿ ತೀರಿಸಿದರೆ ಮಾತ್ರ ಹೊಸ ಮಾಲೀಕರಿಗೆ ಸಂಪರ್ಕ ಎಂಬ ಷರತ್ತು ಕಾನೂನುಬದ್ಧ ನಿಯಮದಲ್ಲಿದ್ದರೆ ಅದು ಸಿಂಧುವೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.