ಸಣ್ಣ ದೋಣಿಗೆ ಎಂಜಿನ್: ಮೊದಲು ಅಳಿವೆ ನೋಡಿ, ಆಮೇಲೆ ಅಂಗಡಿಗೆ ಹೋಗಿ

ದೊಡ್ಡ ಬೋಟಿನಲ್ಲಿ ಪಾಲಿಗೆ ದುಡಿದದ್ದು ಸಾಕು, ಸ್ವಂತಕ್ಕೊಂದು ಸಣ್ಣ ದೋಣಿ ಮಾಡಿಕೊಳ್ಳೋಣ ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ಎಂಜಿನ್ ಅಂಗಡಿಗೆ. ಯಾವ ಕಂಪನಿ, ಎಷ್ಟು ಎಚ್‌ಪಿ, ಎಷ್ಟು ರಿಯಾಯಿತಿ ಎಂದು ಕೇಳಿ, ಇಷ್ಟವಾದದ್ದಕ್ಕೆ ಮುಂಗಡ ಕೊಟ್ಟು, ಆಮೇಲೆ ಅದಕ್ಕೆ ಸರಿಯಾದ ದೋಣಿ ಹುಡುಕುತ್ತಾರೆ. ಇದು ತಲೆಕೆಳಗಾದ ಕ್ರಮ. ಅರವತ್ತು ವರ್ಷ ಕಡಲಿಗೆ ಹೋದ ನನ್ನ ದೊಡ್ಡಪ್ಪ ಹೇಳುತ್ತಿದ್ದುದು ಇಷ್ಟೇ: "ಮೊದ್ಲ್ ಅಳಿವೆ ಕಾಣ್, ಕಡೀಗ್ ಎಂಜಿನ್ ಕಾಣ್." ಅಳಿವೆ ಅಂದರೆ ಹೊಳೆ ಕಡಲು ಸೇರುವ ಬಾಯಿ. ಈ ಲೇಖನವೂ ಅದೇ ಕ್ರಮದಲ್ಲಿದೆ. ನಾನಿಲ್ಲಿ ಹೇಳುತ್ತಿರುವುದು ಮೂರು ನಾಲ್ಕು ಜನ ಹೋಗುವ, 10 ಎಚ್‌ಪಿ ಒಳಗಿನ ಎಂಜಿನ್ ಹಾಕುವ ಸಣ್ಣ ದೋಣಿಯ ವಿಚಾರ. ದೊಡ್ಡ ದೋಣಿಗಳ ಲೆಕ್ಕವೇ ಬೇರೆ.

ಮೊದಲ ಕೆಲಸ: ದಂಡೆಯಲ್ಲಿ ಕೂರುವುದು

ನಮ್ಮ ಕರಾವಳಿಯಲ್ಲಿ ದೋಣಿಗೆ ನಿಜವಾದ ಪರೀಕ್ಷೆ ಆಳ ಕಡಲಿನಲ್ಲಲ್ಲ, ಅಳಿವೆ ಬಾಗಿಲಲ್ಲಿ. ಉಡುಪಿ ಜಿಲ್ಲೆಯ ಗಂಗೊಳ್ಳಿಯನ್ನೇ ನೋಡಿ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದೂ ಹೊಳೆಗಳು ಒಟ್ಟು ಸೇರಿ ಕಡಲಿಗೆ ಬೀಳುವ ಜಾಗ ಅದು. ಹೊಳೆ ತಂದ ಮರಳನ್ನು ಕಡಲು ತಡೆದು ನಿಲ್ಲಿಸುತ್ತದೆ, ಹೂಳು ದಿಬ್ಬವಾಗುತ್ತದೆ, ಆ ದಿಬ್ಬದ ಮೇಲೆ ಅಲೆ ಮುರಿಯುತ್ತದೆ. ಇಳಿತದ ಹೊತ್ತಿಗೆ ಹೊಳೆ ನೀರು ಹೊರಗೆ ನುಗ್ಗುತ್ತದೆ, ಕಡಲಿನ ಅಲೆ ಒಳಗೆ ಬರುತ್ತದೆ. ಎರಡೂ ಎದುರುಬದುರಾದಾಗ ಅಲೆ ಗೋಡೆಯ ಹಾಗೆ ಕಡಿದಾಗಿ ಏಳುತ್ತದೆ. ದೋಣಿ ಮಗುಚಿದ ಸುದ್ದಿಗಳಲ್ಲಿ ಎಷ್ಟೋ ಅಳಿವೆಯವೇ ಅಲ್ವಾ?

ಹಾಗಾಗಿ ನೀವು ದಿನಾ ದಾಟಬೇಕಾದ ಅಳಿವೆಯ ದಂಡೆಯಲ್ಲಿ ಭರತಕ್ಕೊಮ್ಮೆ, ಇಳಿತಕ್ಕೊಮ್ಮೆ ಹೋಗಿ ಕೂತು ನೋಡಿ. ಅಲೆ ಎಲ್ಲಿ ಮುರಿಯುತ್ತದೆ? ಇಳಿತದಲ್ಲಿ ನೀರು ಎಷ್ಟು ಉಳಿಯುತ್ತದೆ? ಮರಳಿಗೆ ಎಂಜಿನ್ನಿನ ಫ್ಯಾನ್ (ನೀರಿನಡಿ ತಿರುಗುವ ಪ್ರೊಪೆಲ್ಲರ್) ತಾಗುವಷ್ಟು ಕಡಿಮೆಯೇ? ಇನ್ನು ನಿಮ್ಮದು ಅಳಿವೆಯೇ ಇಲ್ಲದೆ ಸೀದಾ ಕಡಲ ದಂಡೆಯಿಂದ ದೋಣಿ ದೂಡುವ ಊರಾದರೆ, ದಿನಾ ಎಂಜಿನ್ ಹೊತ್ತು ತರಬೇಕು, ದೋಣಿ ಎಳೆಯಬೇಕು. ಅಲ್ಲಿ ಭಾರ ಕಡಿಮೆ ಇದ್ದಷ್ಟೂ ಒಳ್ಳೆಯದು.

ಭಾರದ ಲೆಕ್ಕ ಕಾಗದದಲ್ಲಿ

ಇದನ್ನು ಮನಸ್ಸಿನಲ್ಲೇ ಮಾಡಬೇಡಿ, ಬರೆಯಿರಿ. ನಾಲ್ಕು ಜನ ಅಂದರೆ ಸುಮಾರು 260 ಕೆ.ಜಿ. ಒದ್ದೆ ಬಲೆ, ಹಗ್ಗ, ಲಂಗರು 150. ಐಸ್ ತುಂಬಿದ ಪೆಟ್ಟಿಗೆ 80. ಎಂಜಿನ್ 40 ಆಸುಪಾಸು, ಎಣ್ಣೆ ಕ್ಯಾನು 20. ಒಳ್ಳೆ ದಿನ ಬಂಗುಡೆ ಬಿದ್ದರೆ ಇನ್ನೊಂದು 300. ಒಟ್ಟು 850 ಕೆ.ಜಿ. ದೋಣಿ ಕಟ್ಟುವವರ ಹತ್ತಿರ "ಇಷ್ಟು ಭಾರ ಹೇರಿದ ಮೇಲೆ ನೀರಿನಿಂದ ಅಂಚು ಎಷ್ಟು ಮೇಲಿರುತ್ತದೆ?" ಎಂದು ಕೇಳಿ. ಒಂದು ಗೇಣಿನ ಮಾತು ಬಂದರೆ ಆ ದೋಣಿ ನಿಮಗೆ ಸಣ್ಣದು. ಖಾಲಿ ದೋಣಿ ನೋಡಿ ಖುಷಿಪಟ್ಟರೆ ಆಗುವುದಿಲ್ಲ, ವಾಪಸ್ ಬರುವಾಗ ಅದು ಖಾಲಿ ಇರುವುದಿಲ್ಲ.

ಫೈಬರ್, ಮರ, ಅಲ್ಯೂಮಿನಿಯಂ

ಅಮೆರಿಕ, ಕೆನಡಾದಲ್ಲಿರುವ ನೆಂಟರು ಅಲ್ಲಿನ ಕೆರೆಗಳಲ್ಲಿ ಅಲ್ಯೂಮಿನಿಯಂ ದೋಣಿಯಲ್ಲಿ ಗಾಳ ಹಾಕುವ ಫೋಟೊ ಕಳಿಸುತ್ತಾರೆ. ಅದನ್ನು ನೋಡಿ ಇಲ್ಲೂ ಅದೇ ಬೇಕೆನ್ನುವವರಿದ್ದಾರೆ. ಅದು ಹಗುರ, ಕಲ್ಲಿಗೆ ಬಡಿದರೆ ಒಡೆಯದೆ ತಗ್ಗು ಬೀಳುತ್ತದೆ, ಸಿಹಿನೀರಿನಲ್ಲಿ ದಶಕಗಟ್ಟಲೆ ಬಾಳುತ್ತದೆ. ಉಪ್ಪುನೀರಿನಲ್ಲೂ ಕಡಲಿಗೆಂದೇ ಮಾಡಿದ ಅಲ್ಯೂಮಿನಿಯಂ ತಡೆಯುತ್ತದೆ. ಆದರೆ ಅದಕ್ಕೆ ಹಿತ್ತಾಳೆ ಬೋಲ್ಟ್ ಹಾಕಿದರೆ, ತಾಮ್ರ ಇರುವ ಬಣ್ಣ ಬಳಿದರೆ, ಉಪ್ಪುನೀರು ಎರಡು ಲೋಹಗಳನ್ನೂ ಬ್ಯಾಟರಿಯ ಹಾಗೆ ಮಾಡಿ ಅಲ್ಯೂಮಿನಿಯಂ ತಿಂದುಹಾಕುತ್ತದೆ. ಬೆಸುಗೆಗೆ ಆರ್ಗಾನ್ ಗ್ಯಾಸ್ ಇರುವ ವೆಲ್ಡರ್ ಬೇಕು. ಫೈಬರ್ ಹಾಗಲ್ಲ. ರೆಸಿನ್ ಎಂಬ ಅಂಟು, ಗಾಜಿನ ನಾರಿನ ಮ್ಯಾಟ್, ಗಟ್ಟಿಯಾಗಿಸುವ ದ್ರಾವಣ ಇದ್ದರೆ ಮನೆ ಅಂಗಳದಲ್ಲೇ ತೇಪೆ ಹಾಕಬಹುದು. ಮರದ ದೋಣಿ ಚಂದ, ಕಡಲಲ್ಲಿ ಗಟ್ಟಿಯಾಗಿ ಕೂರುತ್ತದೆ, ಆದರೆ ವರ್ಷ ವರ್ಷ ಎಣ್ಣೆ, ದುರಸ್ತಿ ತಪ್ಪಿದ್ದಲ್ಲ. ನನ್ನನ್ನು ಕೇಳಿದರೆ ನಮ್ಮ ಕಡಲಿಗೆ ಫೈಬರೇ ಸರಿ.

ಹಳೆ ಫೈಬರ್ ದೋಣಿ ಕೊಳ್ಳುವುದಾದರೆ ಜೇಬಿನಲ್ಲಿ ಒಂದು ನಾಣ್ಯ ಇಟ್ಟುಕೊಂಡು ಹೋಗಿ. ತಳದಿಂದ ಹಿಡಿದು ಪೂರ್ತಿ ಟಕ್ ಟಕ್ ಎಂದು ಬಡಿಯಿರಿ. ಗಟ್ಟಿ ಇರುವಲ್ಲಿ ಶಬ್ದ ಚುರುಕಾಗಿ ಬರುತ್ತದೆ. ಪದರ ಬಿಟ್ಟಿದ್ದರೆ 'ಡೊಬ್' ಎನ್ನುತ್ತದೆ. ಆಮೇಲೆ ಎಂಜಿನ್ ಕೂರುವ ಹಿಂಬದಿ ಹಲಗೆಗೆ ಬನ್ನಿ. ಅದರ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತಿನಿಂದ ನೀರು ಹೋಗಿ ಅದು ಕೊಳೆತಿದ್ದರೂ ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ನಮ್ಮ ಮನೆಗೆ ಬಂದ ಒಂದು ದೋಣಿಯ ಬೋಲ್ಟ್ ಬಿಚ್ಚಿದಾಗ ಚಹಾದ ಬಣ್ಣದ ನೀರು ಇಳಿಯಿತು. ಸ್ಕ್ರೂಡ್ರೈವರ್ ತೂರಿಸಿದರೆ ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು. ಬಣ್ಣ ಹೊಸತಾಗಿದೆ ಎಂದರೆ ಇನ್ನಷ್ಟು ಹುಷಾರಾಗಿ ನೋಡಿ.

ಟೇಪು ಹಿಡಿದು ಅಳೆಯಿರಿ

ಇಡೀ ಖರೀದಿಯಲ್ಲಿ ಖರ್ಚೇ ಇಲ್ಲದ, ಆದರೆ ಜಾಸ್ತಿ ಜನ ಬಿಟ್ಟುಬಿಡುವ ಕೆಲಸ ಇದು. ಹಿಂಬದಿ ಹಲಗೆಯ ಮೇಲ್ತುದಿಯ ನಟ್ಟನಡುವಿನಿಂದ ದೋಣಿಯ ಅಡಿಯವರೆಗೆ ಅಳೆಯಿರಿ. ಶಾಫ್ಟ್ ಅಂದರೆ ಎಂಜಿನ್ನಿನಿಂದ ಫ್ಯಾನಿನವರೆಗೆ ಇಳಿಯುವ ಕಾಲು. 15 ಇಂಚಿನ ಹತ್ತಿರ ಬಂದರೆ ಶಾರ್ಟ್ ಶಾಫ್ಟ್ ಎಂಜಿನ್, 20ರ ಹತ್ತಿರ ಬಂದರೆ ಲಾಂಗ್ ಶಾಫ್ಟ್. ಎರಡೂ ತುದಿ ಚೂಪಾಗಿದ್ದು ಎಂಜಿನ್ ಬದಿಗೆ ಕಟ್ಟುವ ದೋಣಿಯಾದರೆ, ಕಟ್ಟುವ ಜಾಗದಿಂದ ಅಳೆಯಬೇಕು. ಎಂಜಿನ್ ಕೂರಿಸಿದ ಮೇಲೆ ಫ್ಯಾನಿನ ಮೇಲಿರುವ ಚಪ್ಪಟೆ ಪ್ಲೇಟು ದೋಣಿಯ ಅಡಿಗೆ ಸಮವಾಗಿ, ಇಲ್ಲವೇ ಒಂದಿಂಚು ಕೆಳಗೆ ಇರಬೇಕು.

ನಾವು ಇದನ್ನು ಅಳೆಯದೇ ಶಾರ್ಟ್ ಶಾಫ್ಟ್ ತಂದಿದ್ದೆವು. ಹೊಳೆಯಲ್ಲಿ ಚೆನ್ನಾಗಿಯೇ ಓಡಿತು. ಅಳಿವೆಯಲ್ಲಿ ಮೊದಲ ಅಲೆಗೆ ದೋಣಿಯ ಹಿಂಭಾಗ ಎದ್ದಿತು, ಫ್ಯಾನ್ ನೀರು ಬಿಟ್ಟು ಗಾಳಿ ಹಿಡಿಯಿತು, ಎಂಜಿನ್ ಕಿರುಚಿತು, ದೋಣಿ ಮಾತ್ರ ಮುಂದೆ ಹೋಗಲೇ ಇಲ್ಲ. ಎರಡನೇ ಅಲೆಗೆ ದೋಣಿ ಅಡ್ಡ ತಿರುಗಲು ಶುರುವಾಯಿತು. ಚಿಕ್ಕಪ್ಪ ಹುಟ್ಟು ಹಾಕಿ ಮೂತಿ ತಿರುಗಿಸಿದ್ದರಿಂದ ಉಳಿದೆವು. ಐದೇ ಐದು ಇಂಚಿನ ವ್ಯತ್ಯಾಸ ಅದು. ಹಾಗೆಂದು ಉದ್ದ ಜಾಸ್ತಿಯಾದರೂ ಕಷ್ಟವೇ. ನೀರು ಎಳೆಯುತ್ತದೆ, ವೇಗ ಹೋಗುತ್ತದೆ, ಮರಳಿಗೆ ಬಡಿಯುತ್ತದೆ.

ಯಾವ ಎಂಜಿನ್?

ಸೀಮೆಎಣ್ಣೆ ಎಂಜಿನ್ ನಮ್ಮಲ್ಲಿ ಬಹಳ ಕಾಲ ನಡೆದುಬಂದದ್ದು. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ. ಹೊಗೆ ಜಾಸ್ತಿ, ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ರಿಯಾಯಿತಿ ಸೀಮೆಎಣ್ಣೆ ಹೊತ್ತಿಗೆ ಸರಿಯಾಗಿ ಸಿಗದೆ ದೋಣಿ ದಂಡೆಯಲ್ಲೇ ಉಳಿದ ವರ್ಷಗಳನ್ನು ನಾವೆಲ್ಲ ಕಂಡಿದ್ದೇವೆ. ಹೊಸತಾಗಿ ಕೊಳ್ಳುವವರು ಪೆಟ್ರೋಲಿಗೇ ಹೋಗುವುದು ಲೇಸು. ಹಳೆಯ ಸೀಮೆಎಣ್ಣೆ ಎಂಜಿನ್ ಬದಲಿಸುವವರು ಸಹಾಯಧನ ಸಿಗುತ್ತದೆಯೇ ಎಂದು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಪೆಟ್ರೋಲಿನಲ್ಲಿ ಟೂ ಸ್ಟ್ರೋಕ್ ಹಗುರ, ಬಿಚ್ಚಿ ಜೋಡಿಸುವುದು ಸುಲಭ, ಊರ ಮೆಕ್ಯಾನಿಕ್‌ಗೆ ಗೊತ್ತು. ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಕುಡಿಯುವುದೂ ಜಾಸ್ತಿ. ಫೋರ್ ಸ್ಟ್ರೋಕ್ ಸ್ವಲ್ಪ ಭಾರ, ಬೆಲೆ ಹೆಚ್ಚು, ಆದರೆ ಪೆಟ್ರೋಲ್ ಉಳಿಸುತ್ತದೆ. 10 ಎಚ್‌ಪಿ ಫೋರ್ ಸ್ಟ್ರೋಕ್ ಪೂರ್ತಿ ವೇಗದಲ್ಲಿ ಗಂಟೆಗೆ ಸುಮಾರು 4 ಲೀಟರ್ ಸುಡುತ್ತದೆ ಎಂದಿಟ್ಟುಕೊಳ್ಳಿ. ಟೂ ಸ್ಟ್ರೋಕ್ ಅದಕ್ಕಿಂತ ಮೇಲೆ. ದಿನಾ ಹೋಗುವವರಿಗೆ ಫೋರ್ ಸ್ಟ್ರೋಕ್, ದಿನಾ ಎಂಜಿನ್ ಹೊತ್ತು ಮರಳಲ್ಲಿ ನಡೆಯುವವರಿಗೆ ಟೂ ಸ್ಟ್ರೋಕ್ ಎನ್ನುವುದು ನನ್ನ ಅಭಿಪ್ರಾಯ. ಕಂಪನಿ ಯಾವುದಾದರೂ ಇರಲಿ, ಅದರ ಬಿಡಿಭಾಗ ನಿಮ್ಮೂರಿನಿಂದ ಒಂದು ಬಸ್ಸಿನ ದೂರದಲ್ಲಿ ಸಿಗಬೇಕು.

ಎಚ್‌ಪಿ ವಿಷಯದಲ್ಲಿ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕಡಲಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಕರ್ನಾಟಕದಲ್ಲಿ ವಿನಾಯಿತಿ ಇದೆ. ಮಳೆಗಾಲದ ಸಿಗಡಿ, ಬಂಗುಡೆಯನ್ನೇ ನಂಬಿದವರು ಸುಮ್ನೆ ಆಸೆಬಿದ್ದು 15 ಎಚ್‌ಪಿ ತಂದರೆ ಆ ಎರಡು ತಿಂಗಳು ಮನೆಯಲ್ಲಿ ಕೂರಬೇಕಾಗುತ್ತದೆ. ಮಾರುಕಟ್ಟೆಯಲ್ಲಿ 9.9 ಎಚ್‌ಪಿ ಎಂಜಿನ್ ಸಿಗುತ್ತದೆ, ಅದು ಈ ಮಿತಿಯೊಳಗೇ ಬರುತ್ತದೆ.

ಎಂಜಿನ್ ಜೊತೆ ಬರುವ ಫ್ಯಾನ್ ನಿಮ್ಮ ಭಾರಕ್ಕೆ ಸರಿ ಇದೆಯೇ ಎಂದೂ ಕೇಳಿ. ಅದರ ಮೇಲಿನ ಎರಡು ಸಂಖ್ಯೆಗಳಲ್ಲಿ ಒಂದು ಅಗಲ, ಇನ್ನೊಂದು ಪಿಚ್, ಅಂದರೆ ಒಂದು ಸುತ್ತಿಗೆ ಎಷ್ಟು ಮುಂದೆ ತಳ್ಳುತ್ತದೆ ಎಂಬ ಲೆಕ್ಕ. ಭಾರ ಹೊರುವ ದೋಣಿಗೆ ಪಿಚ್ ಕಡಿಮೆ ಇರಬೇಕು. ಏರು ಹತ್ತುವ ಲಾರಿಗೆ ಸಣ್ಣ ಗೇರ್ ಬೇಕಲ್ಲ, ಹಾಗೆಯೇ.

ದುಡ್ಡು ಪೂರ್ತಿ ಕೊಡುವ ಮುಂಚೆ

ಕಾಗದಪತ್ರ ನೋಡಿ. ಹಳೆ ದೋಣಿಯಾದರೆ ನೋಂದಣಿ ಯಾರ ಹೆಸರಲ್ಲಿದೆ, ಎಂಜಿನ್ ನಂಬರು ಬಿಲ್ಲಿನದ್ದೇ ಹೌದಾ ಎಂದು ಹೊಂದಿಸಿ. ಲೈಫ್ ಜಾಕೆಟ್ ಜನರ ಲೆಕ್ಕಕ್ಕೆ ಇರಬೇಕು. ಎಂಜಿನ್ ಜೊತೆ ಬರುವ ಕೆಂಪು ಸುರುಳಿ ದಾರ, ಕಿಲ್ ಸ್ವಿಚ್‌ನದ್ದು, ಕೈಗೆ ಕಟ್ಟಿಕೊಂಡೇ ಓಡಿಸಿ. ನೀವು ನೀರಿಗೆ ಬಿದ್ದರೆ ಎಂಜಿನ್ ನಿಲ್ಲಿಸುವುದು ಅದೊಂದೇ. ಅದನ್ನು ಹಿಡಿಕೆಗೇ ಸುತ್ತಿಟ್ಟು ಹೋಗುವವರನ್ನು ಕಂಡರೆ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಆಮೇಲೆ ನೀರಿಗಿಳಿಸಿ ಓಡಿಸಿ ನೋಡಿ. ಖಾಲಿ ದೋಣಿಯಲ್ಲಲ್ಲ, ನಾಲ್ಕು ಜನರನ್ನು ಕೂರಿಸಿ, ಮರಳು ಚೀಲ ಹೇರಿ. ಎಂಜಿನ್ ತಣ್ಣಗಿದ್ದಾಗಲೇ ಶುರು ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಆರುವವರೆಗೆ ಕಾಯಿರಿ. ಹಿಂದಿನಿಂದ ಸಣ್ಣ ಪಿಚಕಾರಿಯ ಹಾಗೆ ನೀರು ಬರುತ್ತಿರಬೇಕು, ಎಂಜಿನ್ ತಂಪಾಗುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಹಳೆ ಎಂಜಿನ್ ಆದರೆ ಕೆಳಗಿನ ತಿರುಪು ಬಿಚ್ಚಿ ಗೇರ್ ಆಯಿಲ್ ಸ್ವಲ್ಪ ಇಳಿಸಿ. ಹಾಲಿನ ಹಾಗೆ ಬೆಳ್ಳಗಿದ್ದರೆ ಸೀಲ್ ಹೋಗಿ ಒಳಗೆ ನೀರು ನುಗ್ಗಿದೆ. ಪೂರ್ತಿ ವೇಗದಲ್ಲಿ ಹತ್ತು ನಿಮಿಷ ಓಡಿಸಿ, ಹಿಂಬದಿ ಹಲಗೆ ಮೇಲೆ ಅಂಗೈ ಇಟ್ಟು ಅದರುವಿಕೆ ನೋಡಿ. ಹೊಸ ಎಂಜಿನ್‌ಗೆ ಮಾತ್ರ ಇದು ಬೇಡ, ಮೊದಲ ಹತ್ತು ಗಂಟೆ ಅದನ್ನು ಮೆಲ್ಲಗೆ ಪಳಗಿಸಬೇಕು.

ಹೊರಟ ಜಾಗಕ್ಕೆ ವಾಪಸ್ ಬಂದ ಮೇಲೆ ಕ್ಯಾನಿನಲ್ಲಿ ಎಷ್ಟು ಉಳಿದಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ನಾಳೆಯಿಂದ ಎಷ್ಟು ದೂರ ಹೋಗಬಹುದು ಎಂದು ಆ ಲೆಕ್ಕವೇ ಹೇಳುತ್ತದೆ. ಹೋಗಲು ಒಂದು ಪಾಲು, ಬರಲು ಒಂದು ಪಾಲು, ಗಾಳಿ ತಿರುಗಿದರೆ ಇರಲಿ ಎಂದು ಮುಟ್ಟದೆ ಇಡುವ ಒಂದು ಪಾಲು. ಓಡಿಸಿ ನೋಡಲು ಒಪ್ಪದವರಿಗೆ ಮುಂಗಡ ಕೊಡಲೇಬೇಡಿ, ಬೇರೆ ದೋಣಿ ಹುಡುಕಿ.