ನಿಮ್ಮ ವೀಸಾ ಯಾರ ಕೈಯಲ್ಲಿದೆ? ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಇಲ್ಲಿನ ಸರ್ಕಾರದ ಪರಿಚಯ

ಕರ್ನಾಟಕದ ರಾಜಕೀಯ ನೋಡಿ ಬೆಳೆದವರು ಇಲ್ಲಿ ಮೊದಲು ಬಿಡಬೇಕಾದ ಅಭ್ಯಾಸವೆಂದರೆ ಸರ್ಕಾರ ಯಾವಾಗ ಬೀಳುತ್ತದೆ ಎಂದು ಕಾಯುವುದು. ಇಲ್ಲಿ ಸರ್ಕಾರ ಬೀಳುವುದಿಲ್ಲ. ಅಧ್ಯಕ್ಷರಿಗೆ ಕಾಂಗ್ರೆಸ್ಸಿನಲ್ಲಿ, ಅಂದರೆ ಇಲ್ಲಿನ ಸಂಸತ್ತಿನಲ್ಲಿ, ಬಹುಮತ ಇರಲೇಬೇಕೆಂದಿಲ್ಲ. ಅವಿಶ್ವಾಸ ನಿರ್ಣಯವಿಲ್ಲ, ಶಾಸಕರನ್ನು ರೆಸಾರ್ಟಿಗೆ ಸಾಗಿಸುವ ಬಸ್ಸೂ ಇಲ್ಲ. ಗೆದ್ದರೆ ನಾಲ್ಕು ವರ್ಷ. ನಡುವೆ ಇಳಿಸಬೇಕೆಂದರೆ ಮಹಾಭಿಯೋಗವೊಂದೇ ದಾರಿ. ಅದಕ್ಕೆ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು, ಹಾಗಾಗಿ ಇದುವರೆಗೆ ಒಬ್ಬ ಅಧ್ಯಕ್ಷರೂ ಆ ದಾರಿಯಲ್ಲಿ ಕುರ್ಚಿ ಕಳೆದುಕೊಂಡಿಲ್ಲ.

ಬೀಳದಿದ್ದರೂ ಸರ್ಕಾರ ಬಾಗಿಲು ಹಾಕುವುದುಂಟು. ಅಕ್ಟೋಬರ್ 1ಕ್ಕೆ ಹೊಸ ಹಣಕಾಸು ವರ್ಷ ಶುರು. ಅಷ್ಟರೊಳಗೆ ಖರ್ಚಿನ ಮಸೂದೆಗಳು ಪಾಸಾಗದಿದ್ದರೆ ಹಣವಿಲ್ಲದ ಇಲಾಖೆಗಳು ನಿಲ್ಲುತ್ತವೆ. ಇದೇ ಶಟ್‌ಡೌನ್. 2018-19ರಲ್ಲಿ 35 ದಿನ, 2025ರಲ್ಲಿ 43 ದಿನ ನಡೆಯಿತು. ವಲಸೆ ಇಲಾಖೆ ಹೆಚ್ಚಾಗಿ ನಾವು ಕಟ್ಟುವ ಶುಲ್ಕದಿಂದಲೇ ನಡೆಯುವುದರಿಂದ ಅದು ನಿಲ್ಲುವುದಿಲ್ಲ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಅದು ಅರ್ಧ ಸತ್ಯ. ಎಚ್-1ಬಿ ಎಂಬ ಉದ್ಯೋಗ ವೀಸಾಕ್ಕೆ ಅರ್ಜಿ ಹಾಕುವ ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ, ಅಂದರೆ ಸಂಬಳ ಮತ್ತು ಕೆಲಸದ ಷರತ್ತುಗಳ ಬಗ್ಗೆ ಕಂಪನಿ ಸಲ್ಲಿಸುವ ಹೇಳಿಕೆ, ಮಂಜೂರಾಗಬೇಕು. 2013ರಲ್ಲೂ 2025ರಲ್ಲೂ ಶಟ್‌ಡೌನ್ ಬಂದಾಗ ಆ ಕೆಲಸ ನಿಂತುಹೋಗಿತ್ತು. ಅಕ್ಟೋಬರ್-ನವೆಂಬರ್‌ನಲ್ಲಿ ಕೆಲಸ ಬದಲಿಸುವವರು, ವೀಸಾ ವಿಸ್ತರಿಸಬೇಕಾದವರು ಸೆಪ್ಟೆಂಬರ್ ಮುಗಿಯುವ ಮೊದಲೇ ಎಲ್‌ಸಿಎ ಮಾಡಿಸಿಡಿ ಎಂದು ಕಂಪನಿಯ ವಕೀಲರ ಬೆನ್ನು ಹತ್ತುವುದು ಒಳ್ಳೆಯದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ವಲಸೆಯ ಬಗ್ಗೆ ಸುದ್ದಿ ಬಂದಾಗಲೆಲ್ಲ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಏಳುವ ಗದ್ದಲಕ್ಕೆ ಮುಕ್ಕಾಲು ಪಾಲು ಕಾರಣ, ಇದನ್ನು ಮಾಡಿದವರು ಯಾರು ಎಂದು ಯಾರೂ ಕೇಳದಿರುವುದು. ಒಂದು ದೇಶದವರಿಗೆ ಕಾಯಂ ವಾಸದ ಪರವಾನಗಿಯಾದ ಗ್ರೀನ್ ಕಾರ್ಡಿನಲ್ಲಿ ಶೇ. 7ರ ಮಿತಿ ಇರುವುದು ಕಾಂಗ್ರೆಸ್ ಮಾಡಿದ ಕಾನೂನಿನಲ್ಲಿ. ಅದನ್ನು ಯಾವ ಅಧ್ಯಕ್ಷರೂ ಸಹಿ ಹಾಕಿ ತೆಗೆಯಲಾರರು. ಎಚ್-4ರಲ್ಲಿರುವ, ಅಂದರೆ ಎಚ್-1ಬಿಯವರ ಗಂಡ ಅಥವಾ ಹೆಂಡತಿಯಾಗಿ ಬಂದ, ಕೆಲವರಿಗೆ ದುಡಿಯುವ ಪರವಾನಗಿ ಸಿಕ್ಕಿದ್ದು 2015ರಲ್ಲಿ, ಇಲಾಖೆ ಹೊರಡಿಸಿದ ನಿಯಮದಿಂದ. ಇಲಾಖೆ ಕೊಟ್ಟದ್ದನ್ನು ಇಲಾಖೆ ಕಿತ್ತುಕೊಳ್ಳಬಹುದು, ಆದರೆ ಕರಡು ಪ್ರಕಟಿಸಿ, ಜನರ ಅಭಿಪ್ರಾಯ ಕೇಳಿ, ತಿಂಗಳುಗಟ್ಟಲೆ ಸಾಗುವ ದಾರಿಯಲ್ಲಿ. ಮೂರನೆಯದು ಅಧ್ಯಕ್ಷರ ಘೋಷಣೆ, ಅದು ರಾತ್ರೋರಾತ್ರಿ ಬರುತ್ತದೆ. 2025ರ ಸೆಪ್ಟೆಂಬರ್ 19ರ ಶುಕ್ರವಾರ ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂದದ್ದು ಹಾಗೆಯೇ. ರಜೆಗೆ ಊರಿಗೆ ಹೋದವರು ಸಿಕ್ಕ ಬೆಲೆಗೆ ವಿಮಾನದ ಟಿಕೆಟ್ ಕೊಂಡರು. ಮರುದಿನವೇ ಇದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಬಂತು. ಘೋಷಣೆ ಬೇಗ ಬರುತ್ತದೆ, ಬೇಗ ಬದಲಾಗುತ್ತದೆ, ಕೋರ್ಟಿಗೂ ಬೇಗ ಹೋಗುತ್ತದೆ.

ಕಾನೂನೇ ಬದಲಾಗಲಿ ಎನ್ನುವವರು ಒಂದು ಮಸೂದೆಯ ಕಥೆ ಕೇಳಬೇಕು. ಕಾಂಗ್ರೆಸ್ಸಿಗೆ ಎರಡು ಸದನ. ಹೌಸ್‌ನಲ್ಲಿ ಜನಸಂಖ್ಯೆಗೆ ತಕ್ಕಂತೆ ಹಂಚಿದ 435 ಸದಸ್ಯರು, ಎರಡೇ ವರ್ಷದ ಅವಧಿ. ಸೆನೆಟ್‌ನಲ್ಲಿ ರಾಜ್ಯ ಎಷ್ಟೇ ದೊಡ್ಡದಿರಲಿ ಇಬ್ಬರಂತೆ 100 ಜನ, ಆರು ವರ್ಷ. ಶೇ. 7ರ ಮಿತಿಯನ್ನು ಉದ್ಯೋಗದ ಗ್ರೀನ್ ಕಾರ್ಡುಗಳಿಂದ ತೆಗೆಯುವ ಮಸೂದೆ 2019ರ ಜುಲೈನಲ್ಲಿ ಹೌಸ್‌ನಲ್ಲಿ 365-65 ಮತಗಳಿಂದ ಪಾಸಾಯಿತು. ಎರಡೂ ಪಕ್ಷದವರು ಮತ ಹಾಕಿದ್ದರು, ಗೆದ್ದೆವು ಎಂದೇ ನಮ್ಮವರು ಹಿಗ್ಗಿದರು. ಸೆನೆಟ್‌ನಲ್ಲಿ ಯೂಟಾದ ಮೈಕ್ ಲೀ ಅದನ್ನು ಸರ್ವಾನುಮತದಿಂದ ಪಾಸು ಮಾಡಿಸಲು ಹೊರಟರು. ಆ ದಾರಿಯಲ್ಲಿ ಒಬ್ಬ ಸೆನೆಟರ್ ಎದ್ದು ಬೇಡ ಎಂದರೆ ಮುಗಿಯಿತು. ಒಮ್ಮೆ ಒಬ್ಬರು, ಇನ್ನೊಮ್ಮೆ ಮತ್ತೊಬ್ಬರು ಎದ್ದರು. ಎಲ್ಲರನ್ನೂ ಒಪ್ಪಿಸಲು ತಿದ್ದುತ್ತಾ ತಿದ್ದುತ್ತಾ 2020ರ ಡಿಸೆಂಬರ್ 2ರಂದು ಸೆನೆಟ್ ಕೊನೆಗೂ ಪಾಸು ಮಾಡಿತು. ಆದರೆ ಅದು ಹೌಸ್ ಒಪ್ಪಿದ ಪ್ರತಿಯಲ್ಲ. ಎರಡೂ ಸದನ ಒಂದೇ ಪಠ್ಯವನ್ನು ಅಕ್ಷರ ವ್ಯತ್ಯಾಸವಿಲ್ಲದೆ ಒಪ್ಪದೆ ಕಾನೂನಾಗುವುದಿಲ್ಲ. ಹೌಸ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. 2021ರ ಜನವರಿ 3ಕ್ಕೆ ಆ ಕಾಂಗ್ರೆಸ್ಸಿನ ಅವಧಿ ಮುಗಿದು, ಮಸೂದೆಯೂ ಅದರ ಜೊತೆಗೇ ಸತ್ತಿತು. ಹೊಸ ಕಾಂಗ್ರೆಸ್ಸಿನಲ್ಲಿ ಮತ್ತೆ ಮೊದಲಿನಿಂದ ಮಂಡಿಸಬೇಕು.

ಸರ್ವಾನುಮತ ಸಿಗದಿದ್ದರೆ ಸೆನೆಟ್‌ನಲ್ಲಿ ಬಹುತೇಕ ಮಸೂದೆಗಳ ಚರ್ಚೆ ಮುಗಿಸಿ ಮತಕ್ಕೆ ಹಾಕಲೇ 60 ಮತ ಬೇಕು. ಹೀಗೆ ಚರ್ಚೆ ಮುಗಿಯಗೊಡದೆ ಮಸೂದೆಯನ್ನು ತಡೆಯುವುದಕ್ಕೆ ಫಿಲಿಬಸ್ಟರ್ ಎನ್ನುತ್ತಾರೆ. ಅಧ್ಯಕ್ಷರ ಪಕ್ಷಕ್ಕೆ 53 ಸ್ಥಾನವಿದ್ದರೂ ಅವರು ಹೇಳಿದ್ದು ನಡೆಯದಿರುವುದೇಕೆ ಎಂಬ ಪ್ರಶ್ನೆಗೆ ಹೆಚ್ಚಿನ ಸಲ ಇದೇ ಉತ್ತರ. ಪಕ್ಷಾಂತರ ನಿಷೇಧ ಕಾನೂನಾಗಲಿ, ಮತಕ್ಕಾಗಿ ಸದಸ್ಯತ್ವ ಕಳೆಯುವ ವಿಪ್ ಆಗಲಿ ಇಲ್ಲಿ ಇಲ್ಲ ಎಂಬುದೂ ನೆನಪಿರಲಿ. 2017ರ ಜುಲೈನಲ್ಲಿ ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನಾದ ಒಬಾಮಾಕೇರ್‌ನ ರದ್ದತಿಯ ಮಸೂದೆಯನ್ನು ಮುಳುಗಿಸಿದವರಲ್ಲಿ ಅಧ್ಯಕ್ಷರದೇ ಪಕ್ಷದ ಜಾನ್ ಮೆಕೇನ್ ಒಬ್ಬರು. ಯಾರೂ ಅವರ ಸ್ಥಾನ ಕಿತ್ತುಕೊಳ್ಳಲಿಲ್ಲ.

ಸೆನೆಟ್‌ಗೆ ಇನ್ನೊಂದು ಅಧಿಕಾರವಿದೆ. ಮಂತ್ರಿಗಳು, ನ್ಯಾಯಾಧೀಶರು, ದೊಡ್ಡ ಹುದ್ದೆಯವರು ಎಲ್ಲರನ್ನೂ ಅದು ಒಪ್ಪಬೇಕು. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರನ್ನು ಒಬಾಮಾ ಸಾರ್ವಜನಿಕ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಸರ್ಜನ್ ಜನರಲ್ ಹುದ್ದೆಗೆ ಹೆಸರಿಸಿದ್ದು 2013ರ ನವೆಂಬರ್‌ನಲ್ಲಿ. ಬಂದೂಕಿನ ಹಿಂಸೆಯೂ ಆರೋಗ್ಯದ ಪ್ರಶ್ನೆ ಎಂದಿದ್ದಕ್ಕೆ ಬಂದೂಕು ಲಾಬಿ ತಿರುಗಿಬಿತ್ತು. ಸೆನೆಟ್ ಒಪ್ಪಿದ್ದು ಮರುವರ್ಷದ ಡಿಸೆಂಬರ್‌ನಲ್ಲಿ, 51-43 ಮತಗಳಿಂದ.

ಚುನಾವಣೆಗೆ ಬಂದರೆ, ನಮ್ಮಲ್ಲಿರುವಂಥ ಚುನಾವಣಾ ಆಯೋಗ ಇಲ್ಲಿಲ್ಲ. ರಾಜ್ಯಗಳು ಮತ್ತು ನಮ್ಮ ಜಿಲ್ಲೆಗಳಂಥ ಕೌಂಟಿಗಳೇ ಚುನಾವಣೆ ನಡೆಸುತ್ತವೆ, ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಂಗಳವಾರ ಮತದಾನ, ದೇಶಕ್ಕೆಲ್ಲ ರಜೆಯಿಲ್ಲ, ಬೆರಳಿಗೆ ಶಾಯಿಯಿಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ ದೇಶದ ಒಟ್ಟು ಮತ ಲೆಕ್ಕಕ್ಕಿಲ್ಲ, ರಾಜ್ಯವಾರು ಆರಿಸುವ 538 ಎಲೆಕ್ಟರ್‌ಗಳೆಂಬ ಪ್ರತಿನಿಧಿಗಳಲ್ಲಿ 270 ಜನರ ಮತ ಬೇಕು. 2000 ಮತ್ತು 2016ರಲ್ಲಿ ಹೆಚ್ಚು ಮತ ಪಡೆದವರೇ ಸೋತರು.

ನನ್ನ ಕೇಳಿದರೆ ನವೆಂಬರ್‌ನ ಮುಖ್ಯ ಚುನಾವಣೆಗಿಂತ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಯೇ ನೋಡಬೇಕಾದ ಆಟ. ಇಲ್ಲಿ ಬಿ ಫಾರಂ ಕೊಡುವ ಹೈಕಮಾಂಡ್ ಇಲ್ಲ, ಟಿಕೆಟ್ ಯಾರಿಗೆಂದು ಮತದಾರರೇ ತೀರ್ಮಾನಿಸುತ್ತಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್ ಭಾಗದ ಕ್ಷೇತ್ರದಿಂದ ಹೌಸ್‌ಗೆ ಹೋದರಲ್ಲ, ಅದು ನಿರ್ಧಾರವಾದದ್ದು ಆಗಸ್ಟ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ. ಹಲವರು ಕಣದಲ್ಲಿದ್ದರು, ಮೂರನೇ ಒಂದರಷ್ಟೂ ಮತ ಬೀಳದೆ ಅವರು ಗೆದ್ದರು. ಆ ಕ್ಷೇತ್ರದಲ್ಲಿ ನವೆಂಬರ್ ಬರೀ ಶಾಸ್ತ್ರ.

ನಾನಿರುವ ಟೆಕ್ಸಾಸ್‌ನಲ್ಲಿ ಶಾಸನಸಭೆಯ ಮಾಮೂಲಿ ಅಧಿವೇಶನ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, ಬೆಸ ವರ್ಷದಲ್ಲಿ, ಹೆಚ್ಚೆಂದರೆ 140 ದಿನ. ಶಾಸಕರ ಸಂಬಳ ತಿಂಗಳಿಗೆ 600 ಡಾಲರ್. ನಮ್ಮ ಶಾಸಕರು ಕೇಳಿದರೆ ನಗುತ್ತಾರೆ. ಆದರೆ ಮಕ್ಕಳ ಶಾಲೆ, ಆಸ್ತಿ ತೆರಿಗೆ, ಮನೆಮುಂದಿನ ರಸ್ತೆ ವಾಷಿಂಗ್ಟನ್ನಿನಲ್ಲಿ ತೀರ್ಮಾನವಾಗುವುದಿಲ್ಲ. ಸ್ಕೂಲ್ ಬೋರ್ಡ್, ಸಿಟಿ ಕೌನ್ಸಿಲ್, ಕೌಂಟಿಗಳ ಸಭೆಗಳಲ್ಲಿ ವೀಸಾದವರೂ ಕೂರಬಹುದು. ಸಾರ್ವಜನಿಕರ ಸರದಿಯಲ್ಲಿ ಎದ್ದು ಮಾತಾಡಲು ಪೌರತ್ವ ಕೇಳುವವರಿಲ್ಲ. ಹುಲ್ಲು ಉದ್ದವಾಯಿತೆಂದು ಪತ್ರ ಕಳಿಸುವ ಎಚ್‌ಒಎ ಮಾತ್ರ ಸರ್ಕಾರವಲ್ಲ, ಮನೆ ಕೊಳ್ಳುವಾಗ ನೀವೇ ಸಹಿ ಹಾಕಿ ಒಪ್ಪಿದ ಮನೆಮಾಲೀಕರ ಸಂಘ.

ಈಗ ಜಾಗ್ರತೆಯ ಮಾತು. ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲಿ ಮತದಾರರಾಗಿ ನೋಂದಾಯಿಸಲೇ ಎಂಬ ಪ್ರಶ್ನೆ ಬರುತ್ತದೆ. 1993ರ ಕಾನೂನು ತಂದ ಅನುಕೂಲ ಅದು, ಪೌರರಿಗೆ. ನೀವು ವೀಸಾದಲ್ಲಿರಿ, ಗ್ರೀನ್ ಕಾರ್ಡಿನಲ್ಲಿರಿ, ಅಲ್ಲಿ ಹೌದು ಎನ್ನಬೇಡಿ. ಕೌಂಟರಿನವರು ತಾವಾಗಿ ಟಿಕ್ ಮಾಡಿದರೂ ಸಹಿಗೆ ಮೊದಲು ಓದಿ, ಅದನ್ನು ತೆಗೆಸಿ. ಪೌರರೆಂದು ಸುಳ್ಳು ಹೇಳಿದ್ದು ದಾಖಲೆಯಲ್ಲಿ ಉಳಿದರೆ ಗ್ರೀನ್ ಕಾರ್ಡಿನ ಬಾಗಿಲೇ ಮುಚ್ಚಬಹುದು, ಮತ ಹಾಕಿದರಂತೂ ಅಪರಾಧ. ಪ್ರಚಾರಕ್ಕೆ ಹಣ ಕೊಡುವುದರಲ್ಲೂ ಗೆರೆಯಿದೆ: ಗ್ರೀನ್ ಕಾರ್ಡಿನವರು ಕೊಡಬಹುದು, ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾ ಎಫ್-1ನವರು ಐದು ಡಾಲರನ್ನೂ ಕೊಡುವಂತಿಲ್ಲ, ಸ್ಕೂಲ್ ಬೋರ್ಡ್ ಅಭ್ಯರ್ಥಿಗೂ ಇಲ್ಲ. ಪರಿಚಯದವರು ಚುನಾವಣೆಗೆ ನಿಂತು ನಿಧಿ ಸಂಗ್ರಹದ ಊಟಕ್ಕೆ ಕರೆದಾಗ ದಾಕ್ಷಿಣ್ಯಕ್ಕೆ ಬೀಳಬೇಡಿ.

ಮತವಿಲ್ಲದಿದ್ದರೂ ನೀವು ಲೆಕ್ಕದಲ್ಲಿದ್ದೀರಿ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ ಪೌರರಲ್ಲದವರನ್ನೂ ಎಣಿಸುತ್ತದೆ, ಹೌಸ್ ಸ್ಥಾನಗಳು ಹಂಚಿಕೆಯಾಗುವುದು ಆ ಲೆಕ್ಕದ ಮೇಲೆಯೇ. 2020ರ ಗಣತಿಯ ನಂತರ ಟೆಕ್ಸಾಸ್‌ಗೆ ಎರಡು ಸ್ಥಾನ ಹೆಚ್ಚಾಗಿ 38 ಆಯಿತು, ಕ್ಯಾಲಿಫೋರ್ನಿಯಾ ಒಂದು ಕಳೆದುಕೊಂಡಿತು. ಹಾಗಾಗಿ ನಿಮ್ಮ ವಿಳಾಸದ ಹೌಸ್ ಸದಸ್ಯರು ನಿಮಗೂ ಪ್ರತಿನಿಧಿಯೇ. ಅರ್ಜಿ ಮಾಮೂಲಿ ಅವಧಿ ಮೀರಿಯೂ ವಲಸೆ ಇಲಾಖೆಯಲ್ಲಿ ಅಲುಗದೆ ಕೂತಿದ್ದರೆ ಅವರ ಸ್ಥಳೀಯ ಕಚೇರಿಗೆ ಬರೆಯಿರಿ. ವಶೀಲಿ ಬೇಡ, ಪರಿಚಯ ಬೇಡ, ಕಾಸೂ ಬೇಡ. ನಿಮ್ಮ ಕಡತದ ಬಗ್ಗೆ ವಿಚಾರಿಸಲು ಒಪ್ಪಿಗೆ ಕೊಡುವ ಪ್ರೈವಸಿ ರಿಲೀಸ್ ಫಾರಂ ಅವರ ವೆಬ್‌ಸೈಟಿನಲ್ಲಿರುತ್ತದೆ, ಅದಕ್ಕೆ ಸಹಿ ಹಾಕಿ, ರಶೀದಿ ಸಂಖ್ಯೆ ಬರೆದು, ಏನು ತಡವಾಗಿದೆ ಎಂದು ನಾಲ್ಕು ಸಾಲಿನಲ್ಲಿ ತಿಳಿಸಿದರೆ ಸಾಕು. ತೀರ್ಪು ಬದಲಿಸುವ ಅಧಿಕಾರ ಅವರಿಗಿಲ್ಲ, ಕಡತ ಎಲ್ಲಿದೆ ಎಂದು ಕೇಳಿ ಉತ್ತರ ತರಿಸುತ್ತಾರೆ. ಒಂದೇ ವಿಷಯಕ್ಕೆ ಹೌಸ್ ಸದಸ್ಯರಿಗೂ ಇಬ್ಬರು ಸೆನೆಟರ್‌ಗಳಿಗೂ ಒಟ್ಟಿಗೆ ಬರೆಯಬೇಡಿ. ಒಬ್ಬರನ್ನು ಆರಿಸಿಕೊಳ್ಳಿ.