ಚಿಕ್ಕ ಹಾಲ್‌ನಲ್ಲೇ ಗೊಂಬೆ ಕೂರಿಸಿದೆ, ಬಂದವರಿಗೂ ಜಾಗ ಸಿಕ್ಕಿತು

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಹಾಲ್ 10 ಅಡಿ ಅಗಲ, 12 ಅಡಿ ಉದ್ದ ಅಷ್ಟೇ. ಪ್ರತಿ ನವರಾತ್ರಿಗೂ ಗೋಡೆ ಮಧ್ಯದಲ್ಲಿ 9 ಮೆಟ್ಟಿಲು ಹಾಕಿ ಗೊಂಬೆ ಕೂರಿಸುತ್ತಿದ್ದೆ. ಆರತಿಗೆ ಬಂದವರಿಗೆ ಕಾಲಿಡಲೂ ಜಾಗ ಇರುತ್ತಿರಲಿಲ್ಲ. ಹೋದ ವರ್ಷ ಪಕ್ಕದ ಮನೆ ಅಜ್ಜಿ ಬಾಗಿಲಲ್ಲೇ ನಿಂತು ಕುಂಕುಮ ತಗೊಂಡು ಹೋದರು. ತುಂಬಾ ಬೇಜಾರಾಯಿತು.

ಈ ಸಲ ಮೆಟ್ಟಿಲು 5ಕ್ಕೆ ಇಳಿಸಿದೆ. ಬೆಸ ಸಂಖ್ಯೆ ಇದ್ದರಾಯಿತು, ಅಲ್ವಾ? ಗೋಡೆ ಬಿಟ್ಟು ಮೂಲೆಗೆ ಜೋಡಿಸಿದೆ. ರಾಜ-ರಾಣಿಯ ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲಿ, ಚನ್ನಪಟ್ಟಣದ ಮರದ ಗೊಂಬೆಗಳು ಕಿಟಕಿ ಕಟ್ಟೆ ಮೇಲೆ. ಸೋಫಾ ರೂಮಿಗೆ ಹೋಯಿತು. ಆ ಜಾಗಕ್ಕೆ ಅಮ್ಮನ ಹಳೇ ಜಮಖಾನ ಹಾಸಿದೆ. ಮಂಡಿ ನೋವಿರುವವರಿಗೆ ಎರಡು ಕುರ್ಚಿ.

ಬೆಳಕು ಸರಿ ಮಾಡೋಕೆ ಜಾಸ್ತಿ ಹೊತ್ತು ಹಿಡಿಯಿತು. ಟ್ಯೂಬ್‌ಲೈಟಿನಲ್ಲಿ ರಾಣಿ ಗೊಂಬೆಯ ಮುಖ ಪೇಲವವಾಗಿ ಕಾಣುತ್ತಿತ್ತು. ಅದನ್ನು ಆರಿಸಿ, ಹಳದಿ ಬಲ್ಬಿನ ಬೆಳಕು ಬಲಗಡೆಯಿಂದ ಬೀಳುವ ಹಾಗೆ ಮಾಡಿದೆ. ಅವಳ ಸೀರೆಯ ಜರಿ ಎಳೆ ಎಳೆಯಾಗಿ ಹೊಳೆಯಿತು. ಎಷ್ಟು ಚೆಂದ!

ಮೊದಲ ದಿನವೇ ಅಜ್ಜಿ ಬಂದರು. ಕುರ್ಚಿಯಲ್ಲಿ ಕೂತು ಎರಡು ಹಾಡು ಹೇಳಿ, ಕಡಲೆಕಾಳಿನ ಚರ್ಪು ತಿಂದು ಹೋದರು.